ನಿಕಲ್ ಬೇಡದ ಸ್ಪ್ರಿಂಗು
ಹಲ್ಲಿನ ಕ್ಲಿಪ್ಪಿಗೆ ಹಾಕುವ ತಂತಿಯ ಕೆಲಸ ಹಲ್ಲನ್ನು ತಿಂಗಳುಗಟ್ಟಲೆ ಮೆಲ್ಲಗೆ ತಳ್ಳುತ್ತಿರುವುದು. ಉಕ್ಕಿನ ತಂತಿಗೆ ಈ ಮೆಲ್ಲಗೆ ಅನ್ನುವುದೇ ಕಷ್ಟ. ಶುರುವಿನಲ್ಲಿ ಜೋರಾಗಿ ತಳ್ಳುತ್ತದೆ, ಹಲ್ಲು ಒಂಚೂರು ಸರಿಯಿತೋ ಬಲವೇ ಇಳಿದುಹೋಗುತ್ತದೆ. ಹಾಗಾಗಿ 1970ರ ದಶಕದಲ್ಲಿ ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್ ತಂತಿಗಳು ದಂತವೈದ್ಯರಿಗೆ ಬಹಳ ಹಿಡಿಸಿದವು. ಇದರ ಒಳ್ಳೆಯ ಬಗೆಗಳನ್ನು ಶೇ. 8ರವರೆಗೆ ಎಳೆದು ಬಿಟ್ಟರೂ ಮೊದಲಿನ ಉದ್ದಕ್ಕೇ ಮರಳುತ್ತವೆ. ಉಕ್ಕಿಗೆ ಶೇ. 1 ಕೂಡ ಜಾಸ್ತಿಯೇ.

ಆದರೆ ನಿಟಿನಾಲ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಕಲ್. ಚರ್ಮಕ್ಕೆ ಅಲರ್ಜಿ ತರುವ ಲೋಹಗಳಲ್ಲಿ ಇದರದ್ದೇ ಮೊದಲ ಹೆಸರು. ನನ್ನ ಪ್ರಕಾರ ಈ ಭಯ ಸ್ವಲ್ಪ ಅತಿಯಾಗಿದೆ. ತಂತಿಯ ಮೇಲೆ ತಾನಾಗಿ ಕಟ್ಟಿಕೊಳ್ಳುವ ಟೈಟಾನಿಯಂ ಆಕ್ಸೈಡ್ ಪದರ ನಿಕಲನ್ನು ಬಹುಮಟ್ಟಿಗೆ ಒಳಗೇ ಹಿಡಿದಿಡುತ್ತದೆ. ಆದರೂ ಅಲರ್ಜಿ ಇರುವವರಿಗೆ ಬಹುಮಟ್ಟಿಗೆ ಅನ್ನುವ ಮಾತು ಸಾಕಾಗುವುದಿಲ್ಲ, ಅಲ್ವಾ?

ನಿಕಲ್ ಬಿಟ್ಟರೆ ಈ ಬಳುಕು ಎಲ್ಲಿಂದ ತರುವುದು? ಉತ್ತರ ಟೈಟಾನಿಯಂನಲ್ಲೇ ಇದೆ. 882 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಪರಮಾಣುಗಳು ಜೋಡಣೆ ಬದಲಿಸಿ ಘನಾಕಾರದಲ್ಲಿ ನಿಲ್ಲುತ್ತವೆ. ಇದನ್ನು ಬೀಟಾ ರೂಪ ಎನ್ನುತ್ತಾರೆ. ತಣ್ಣಗಾದರೆ ಈ ಜೋಡಣೆ ಉಳಿಯುವುದಿಲ್ಲ. ಆದರೆ ನಿಯೋಬಿಯಂ, ಟ್ಯಾಂಟಲಮ್ ಅಥವಾ ಮಾಲಿಬ್ಡಿನಂ ಬೆರೆಸಿದರೆ ಕೋಣೆಯ ಬಿಸಿಯಲ್ಲೂ ಉಳಿಯುತ್ತದೆ. ಜಾಣತನ ಇರುವುದು ಬೆರೆಸುವ ಅಳತೆಯಲ್ಲಿ. ಬೀಟಾ ರೂಪ ಅಂತೂ ಇಂತೂ ನಿಂತಿದೆ ಅನ್ನುವಷ್ಟೇ ಬೆರೆಸಬೇಕು. ಆಗ ಎಳೆದರೆ ಪರಮಾಣುಗಳು ಇನ್ನೊಂದು ಜೋಡಣೆಗೆ ಜಾರುತ್ತವೆ, ಬಿಟ್ಟರೆ ವಾಪಸ್ ಬರುತ್ತವೆ. ಜಾಸ್ತಿ ಬೆರೆಸಿದರೆ ಆ ಜಾರಾಟವೇ ನಿಂತುಹೋಗುತ್ತದೆ.

ಬಳುಕಿನ ಲೆಕ್ಕದಲ್ಲಿ ಇವು ನಿಟಿನಾಲ್‌ಗೆ ಸಮನಲ್ಲ. ಟೈಟಾನಿಯಂ–ನಿಯೋಬಿಯಂ ಮಿಶ್ರಲೋಹಗಳು ಸಾಮಾನ್ಯವಾಗಿ ಶೇ. 3ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಇವುಗಳ ನಿಜವಾದ ಲಾಭ ಬೇರೆ ಕಡೆ ಇದೆ, ಎಲುಬಿನ ಪಕ್ಕದಲ್ಲಿ. ಸ್ಟೇನ್‌ಲೆಸ್ ಸ್ಟೀಲ್‌ನ ಬಿಗಿತ ಸುಮಾರು 200 ಗಿಗಾಪ್ಯಾಸ್ಕಲ್ (ಬಿಗಿತವನ್ನು ಅಳೆಯುವ ಮಾನ). ಈಗ ದೇಹದೊಳಗೆ ಕೂರಿಸುವ ಇಂಪ್ಲಾಂಟ್‌ಗಳಲ್ಲಿ ಹೆಚ್ಚು ಬಳಸುವ, ಅಲ್ಯೂಮಿನಿಯಂ ಮತ್ತು ವೆನೇಡಿಯಂ ಸೇರಿದ ಟೈಟಾನಿಯಂನದು 110. ಎಲುಬಿನದು ಹೆಚ್ಚೆಂದರೆ 30. ಇಷ್ಟು ಬಿಗಿಯಾದ ಲೋಹ ಪಕ್ಕದಲ್ಲಿದ್ದರೆ ಭಾರವನ್ನೆಲ್ಲ ಅದೇ ಹೊರುತ್ತದೆ. ಕೆಲಸವಿಲ್ಲದ ಎಲುಬು ನಿಧಾನವಾಗಿ ಸವೆಯುತ್ತದೆ. ನಿಯೋಬಿಯಂ, ಟ್ಯಾಂಟಲಮ್, ಜಿರ್ಕೋನಿಯಂ ಸೇರಿದ ಬೀಟಾ ಟೈಟಾನಿಯಂ ಸುಮಾರು 60ಕ್ಕೆ ಇಳಿಯುತ್ತದೆ. 2003ರಲ್ಲಿ ಜಪಾನಿನ ಟೊಯೋಟಾ ಸಂಶೋಧನಾಲಯದವರು ಪ್ರಕಟಿಸಿದ ಗಮ್ ಮೆಟಲ್ ಎಂಬ ಬೀಟಾ ಟೈಟಾನಿಯಂ 40ರ ಹತ್ತಿರಕ್ಕೆ ಬಂತು. ಎಲುಬಿಗೂ ಅದಕ್ಕೂ ಇನ್ನೂ ಅಂತರ ಇದೆ, ಆದರೆ ಮೊದಲಿನಷ್ಟಲ್ಲ.

ತಯಾರಿ ಮಾತ್ರ ಸುಲಭವಿಲ್ಲ. ಟೈಟಾನಿಯಂ 1668 ಡಿಗ್ರಿಯಲ್ಲಿ ಕರಗಿದರೆ ಟ್ಯಾಂಟಲಮ್‌ಗೆ 3000 ದಾಟಬೇಕು. ತೂಕದಲ್ಲೂ ಅದು ಟೈಟಾನಿಯಂನ ಮೂರೂವರೆ ಪಟ್ಟಿಗಿಂತ ಹೆಚ್ಚು. ಎರಡೂ ಸಮನಾಗಿ ಬೆರೆಯಲು ಮತ್ತೆ ಮತ್ತೆ ಕರಗಿಸಬೇಕು.

ಬೆನ್ನುಮೂಳೆಗೆ ಹಾಕುವ ಸರಳಿನಲ್ಲಿ ಇನ್ನೊಂದು ಪೇಚು. ಸರ್ಜನ್ ಅದನ್ನು ಆಪರೇಷನ್ ಟೇಬಲ್ ಪಕ್ಕದಲ್ಲೇ ರೋಗಿಯ ಬೆನ್ನಿಗೆ ತಕ್ಕಂತೆ ಬಗ್ಗಿಸುತ್ತಾರೆ. ತುಂಬಾ ಬಳುಕಿದರೆ ಅದು ಮತ್ತೆ ನೆಟ್ಟಗಾಗಲು ನೋಡುತ್ತದೆ! ಇದಕ್ಕೆ ಟೈಟಾನಿಯಂ ಜೊತೆ ಶೇ. 12ರಷ್ಟು ಕ್ರೋಮಿಯಂ ಬೆರೆಸಿ ನೋಡಿದ್ದಾರೆ. ಬಗ್ಗಿಸಿದ ಜಾಗದಲ್ಲಿ ಮಾತ್ರ ಪರಮಾಣುಗಳ ಜೋಡಣೆ ಬದಲಾಗಿ ಸರಳು ಬಿಗಿಯಾಗುತ್ತದೆ. ಉಳಿದ ಭಾಗ ಎಲುಬಿನ ಜೊತೆ ಬಳುಕುತ್ತಲೇ ಇರುತ್ತದೆ.