ಯಾವುದರ ಭಯ? ಲಸಿಕೆ ಮತ್ತು ಭಾವನೆ ಪಾಠದ ನನ್ನ ಟಿಪ್ಪಣಿ

ಹಾಸನದಲ್ಲಿ ನರ್ಸಿಂಗ್ ಓದುತ್ತಿದ್ದೇನೆ. ನಾಳಿದ್ದು ಇಂಟರ್ನಲ್ಸ್. ಲಸಿಕೆ ವೇಳಾಪಟ್ಟಿ ಎಲ್ಲರಿಗೂ ಬಾಯಿಪಾಠ, ಅದನ್ನು ಬಿಡುತ್ತೇನೆ. ಲಸಿಕೆ ಹಾಕಿಸಲು ಜನ ಹಿಂಜರಿಯುವುದಕ್ಕೆ ಮೂರು ಕಾರಣ: ನಂಬಿಕೆ ಇಲ್ಲ, ಉದಾಸೀನ, ಅನುಕೂಲ ಇಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಹಿಂಜರಿಕೆಯನ್ನು ಜಗತ್ತಿನ ಆರೋಗ್ಯಕ್ಕಿರುವ 10 ಅಪಾಯಗಳ ಪಟ್ಟಿಗೆ ಸೇರಿಸಿತು. ಇಷ್ಟು ಬರೆದರೆ ಎರಡು ಮಾರ್ಕು ಗ್ಯಾರಂಟಿ.

ನಾನು ಮುಗ್ಗರಿಸಿದ್ದು ಭಯದ ಹತ್ತಿರ. ನನ್ನ ನೋಟ್ಸಿನಲ್ಲಿ ಒಂದು ಕಡೆ "ಭಯ ಇದ್ದರೆ ಲಸಿಕೆ ಹಾಕಿಸುತ್ತಾರೆ" ಅಂತಿದೆ. ಮುಂದಿನ ಪುಟದಲ್ಲೇ "ಭಯದಿಂದ ಲಸಿಕೆ ಬಿಡುತ್ತಾರೆ." ಎರಡು ದಿನ ಸುಮ್ನೆ ತಲೆ ಕೆಡಿಸಿಕೊಂಡೆ. ಎರಡೂ ಸರಿಯೇ. ಭಯ ಅನ್ನೋ ಪದ ಕಂಡಲ್ಲೆಲ್ಲ ಪಕ್ಕದಲ್ಲಿ ಪೆನ್ಸಿಲ್‌ನಿಂದ "ಯಾವುದರ?" ಅಂತ ಬರೆದುಕೊಳ್ಳಿ. ರೋಗದ್ದೋ, ಸೂಜಿಯದ್ದೋ? ನಮ್ಮಜ್ಜಿ ಕಾಲದವರು ಪೋಲಿಯೋ ಆಗಿ ಕಾಲು ಸೊರಗಿದ ಮಕ್ಕಳನ್ನು ನೋಡಿದ್ದರು. 2014ರಲ್ಲಿ ಭಾರತ ಪೋಲಿಯೋಮುಕ್ತ ಆಯಿತು. ಈಗಿನವರಿಗೆ ಆ ರೋಗವೇ ಕಣ್ಣಿಗೆ ಬಿದ್ದಿಲ್ಲ, ಕಾಣುವುದು ಸೂಜಿ ಮಾತ್ರ.

ಇನ್ನೊಂದು ಭಾವನೆ ಇದಕ್ಕಿಂತ ಗಟ್ಟಿ: ಪಶ್ಚಾತ್ತಾಪ. ಅದೂ ಆಗುವ ಮೊದಲೇ ಮನಸ್ಸಿಗೆ ಬರುವ ಪಶ್ಚಾತ್ತಾಪ. ಆಲೂರು ಕಡೆಯ ಹಳ್ಳಿಯಲ್ಲಿ ಫೀಲ್ಡ್ ಪೋಸ್ಟಿಂಗ್ ಇತ್ತು. ಮಗುವಿಗೆ ಎರಡೂವರೆ ತಿಂಗಳು, ಪೆಂಟಾವೇಲೆಂಟ್ (ಐದು ರೋಗ ತಡೆಯುವ ಲಸಿಕೆ) ಎರಡನೇ ಡೋಸ್ ಆಗಬೇಕು. ಮೊದಲ ಡೋಸಿಗೆ ರಾತ್ರಿಯೆಲ್ಲ ಜ್ವರ ಬಂದು ತೊಡೆ ಗಟ್ಟಿಯಾಗಿತ್ತಂತೆ. ಅಜ್ಜಿ ಕೇಳಿದರು: "ಆಡ್ಕೊಂಡಿರೋ ಮಗೀಗೆ ನಾವೇ ಜ್ವರ ತರಿಸ್ಬೇಕಾ ಕಣವ್ವ?" ನಾನು ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಅಂತ ಪಟ್ಟಿ ಓದಿದೆ. ಅಜ್ಜಿ ಕಾಫಿ ಕೊಟ್ಟರು, ಮಗು ಕೊಡಲಿಲ್ಲ.

ಆ "ನಾವೇ" ಅನ್ನೋ ಪದದಲ್ಲೇ ಪಾಠ ಪೂರ್ತಿ ಇದೆ. ನಾವು ಮಾಡಿದ್ದರಿಂದ ಆದ ಕೆಡುಕು, ಮಾಡದೆ ಬಿಟ್ಟಿದ್ದರಿಂದ ಆದ ಕೆಡುಕಿಗಿಂತ ಭಾರ ಅನಿಸುತ್ತದೆ. ರಿಟೋವ್ ಮತ್ತು ಬ್ಯಾರನ್ ಅನ್ನೋ ಮನಶ್ಶಾಸ್ತ್ರಜ್ಞರು 1990ರಲ್ಲಿ ಇದನ್ನೇ ಒಂದು ಕಾಲ್ಪನಿಕ ಪ್ರಶ್ನೆಯಿಂದ ತೋರಿಸಿದರು. ಒಂದು ರೋಗದಿಂದ 10,000 ಮಕ್ಕಳಲ್ಲಿ 10 ಮಕ್ಕಳು ಸಾಯುತ್ತಾರೆ ಅಂದುಕೊಳ್ಳಿ. ಲಸಿಕೆ ಹಾಕಿದರೆ ಆ ರೋಗ ಬರಲ್ಲ, ಆದರೆ ಲಸಿಕೆಯಿಂದಲೇ ಕೆಲವರು ಸಾಯಬಹುದು. ಎಷ್ಟರವರೆಗೆ ಒಪ್ಪುತ್ತೀರಿ? ಬರೀ ಲೆಕ್ಕ ನೋಡಿದರೆ 9ರವರೆಗೆ ಒಪ್ಪಬೇಕು, ಒಂದು ಮಗುವಾದರೂ ಉಳಿಯುತ್ತಲ್ವಾ? ತುಂಬ ಜನ ಅದಕ್ಕಿಂತ ಎಷ್ಟೋ ಕೆಳಗೇ ನಿಂತರು. (ಇಲ್ಲಿ 10 ಅಂತ ಬರೆದು ನಾನು ಬೈಸಿಕೊಂಡೆ. 10ಕ್ಕೆ 10 ಆದರೆ ಲಾಭವೇ ಇಲ್ಲ!)

ಪಶ್ಚಾತ್ತಾಪಕ್ಕೂ "ಯಾವುದರ?" ಕೇಳಬೇಕು: ಹಾಕಿಸಿದ್ದಕ್ಕೋ, ಹಾಕಿಸದೆ ಬಿಟ್ಟಿದ್ದಕ್ಕೋ? ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ನ ನಾಲ್ಕು ವರ್ಷದ ಮಗ 1736ರಲ್ಲಿ ಸಿಡುಬಿನಿಂದ ಸತ್ತ. ಆಗ ಜೆನ್ನರ್ ಕಂಡುಹಿಡಿದ ಸಿಡುಬಿನ ಲಸಿಕೆ ಇರಲಿಲ್ಲ, ಚರ್ಮ ಗೀರಿ ಸಿಡುಬಿನ ಕೀವನ್ನೇ ತಾಗಿಸುತ್ತಿದ್ದರು. ಮಗನಿಗೆ ಅದನ್ನು ಮಾಡಿಸಲಿಲ್ಲವಲ್ಲ ಅಂತ ಫ್ರಾಂಕ್ಲಿನ್ ಕೊನೆವರೆಗೂ ಕೊರಗಿದ. ಹೇಗೆ ಮಾಡಿದರೂ ಪಶ್ಚಾತ್ತಾಪ ಒಂದೇ ಆಗಬಹುದು, ಹಾಗಾಗಿ ಅಪಾಯ ಕಮ್ಮಿ ಇರುವ ದಾರಿ ಹಿಡಿಯಿರಿ ಅಂತ ಬೇರೆ ಅಪ್ಪ ಅಮ್ಮಂದಿರಿಗೆ ಬರೆದಿಟ್ಟ.

ಆಲೂರು ಕಡೆಯ ಆ ಹಳ್ಳಿಯ ಆಶಾ ಕಾರ್ಯಕರ್ತೆ ಅಕ್ಕ ಇದ್ಯಾವುದನ್ನೂ ಓದಿದವರಲ್ಲ. ನಾನು ಬರಿಗೈಲಿ ಬಂದ ಮಾರನೇ ದಿನ ಅಜ್ಜಿ ಮನೆಗೆ ಹೋಗಿ, "ಅವತ್ತು ಜ್ವರ ಬಂದ ರಾತ್ರಿ ಯಾರಜ್ಜಿ ಎದ್ದಿದ್ದು?" ಅಂತ ಕೇಳಿದರು ಅಷ್ಟೇ. ಅಜ್ಜಿ ಅರ್ಧ ಗಂಟೆ ಮಾತಾಡಿದರು. "ಈ ಸಲ ಜ್ವರ ಬಂದ್ರೆ ನಂಗೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಸರಿ" ಅಂತ ಅಕ್ಕ, ಲಸಿಕೆ ಬರೆದಿಡುವ ತಾಯಿ ಕಾರ್ಡಿನ ಮೇಲೆ ನಂಬರ್ ದಪ್ಪಕ್ಕೆ ಬರೆದರು. ಗುರುವಾರ ಅಜ್ಜಿಯೇ ಮಗು ಎತ್ತಿಕೊಂಡು ಅಂಗನವಾಡಿಗೆ ಬಂದರು. ಸೂಜಿ ಚುಚ್ಚುವಾಗ ಮಾತ್ರ ಗೋಡೆ ಕಡೆ ತಿರುಗಿಕೊಂಡರು.