ಕೋರ್ಸುಗಳೇ ಬದಲಾಗುತ್ತಿರುವಾಗ ಕಾಲೇಜಿಗೆ ಏನನ್ನು ಕಟ್ಟಬೇಕು?

ಪ್ರಶ್ನೆ: ನಮ್ಮ ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಊರ ಹೊರಗೆ ಹತ್ತು ಎಕರೆ ಜಾಗ ಮಂಜೂರಾಗಿದೆ. ಹೊಸ ಕಟ್ಟಡ ಹೇಗಿರಬೇಕು ಎಂದು ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ಚರ್ಚೆ ನಡೆದಿದೆ. ಮೂರು ವರ್ಷದ ಪದವಿ ನಾಲ್ಕಾಯಿತು, ಮತ್ತೆ ಮೂರಾಯಿತು. ಬಿ.ಎ.ಗೆ ಸೇರುವವರು ಕಡಿಮೆಯಾಗಿದ್ದಾರೆ, ಬಿ.ಕಾಂ. ಮತ್ತು ಬಿ.ಸಿ.ಎ.ಗೆ ನೂಕುನುಗ್ಗಲು. ಪಾಠವೆಲ್ಲ ಮೊಬೈಲಿನಲ್ಲೇ ಸಿಗುತ್ತದೆ ಎನ್ನುವವರೂ ಇದ್ದಾರೆ. ಇಂಥ ಹೊತ್ತಿನಲ್ಲಿ ಐವತ್ತು ವರ್ಷ ನಿಲ್ಲಬೇಕಾದ ಕಟ್ಟಡವನ್ನು ಯಾವ ಲೆಕ್ಕದ ಮೇಲೆ ಕಟ್ಟುವುದು?

ಉತ್ತರ: ಕೋರ್ಸಿನ ಲೆಕ್ಕದ ಮೇಲೆ ಕಟ್ಟಬೇಡಿ. ವಿದ್ಯಾರ್ಥಿಯ ಒಂದು ದಿನದ ಲೆಕ್ಕದ ಮೇಲೆ ಕಟ್ಟಿ. ಕೋರ್ಸು, ಪಠ್ಯಕ್ರಮ, ಪದವಿಯ ಅವಧಿ, ಕೊನೆಗೆ ವಿಶ್ವವಿದ್ಯಾಲಯದ ಹೆಸರು ಕೂಡ ಬದಲಾಗುತ್ತದೆ. ಬೆಳಿಗ್ಗೆ ಹಳ್ಳಿಯಿಂದ ಬಸ್ಸು ಹತ್ತಿ ಬರುವ ಹುಡುಗಿಗೆ ನೀರು, ಶೌಚಾಲಯ, ಬುತ್ತಿ ಬಿಚ್ಚಲು ನೆರಳು, ಓದಲು ಒಂದು ಮೇಜು ಬೇಕು ಎಂಬುದು ಬದಲಾಗುವುದಿಲ್ಲ.

ಬದಲಾವಣೆಯ ವೇಗ ಎಷ್ಟೆಂದು ಮೊದಲು ನೋಡೋಣ. ಕರ್ನಾಟಕವು 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿಯನ್ನು ತಂದಿತು. 2024-25ರಿಂದ ಹೊಸದಾಗಿ ಸೇರಿದವರಿಗೆ ಮತ್ತೆ ಮೂರು ವರ್ಷದ ಪದವಿ ಬಂದಿತು. ಒಂದು ಸರ್ಕಾರಿ ಕಟ್ಟಡಕ್ಕೆ ಪ್ರಸ್ತಾವನೆ, ಅಂದಾಜು ಪಟ್ಟಿ, ಟೆಂಡರ್, ಕಾಮಗಾರಿ, ಹಸ್ತಾಂತರ ಎಂದು ಮೂರು-ನಾಲ್ಕು ವರ್ಷ ಸಲೀಸಾಗಿ ಹಿಡಿಯುತ್ತದೆ. ಅಂದರೆ 2021ರಲ್ಲಿ ನಾಲ್ಕನೇ ವರ್ಷದ ಆನರ್ಸ್‌ಗೆಂದು ಪ್ರತ್ಯೇಕ ಕೊಠಡಿ ಕೇಳಿದ ಪ್ರಾಂಶುಪಾಲರ ಕೈಗೆ ಬೀಗದ ಕೈ ಸಿಗುವ ಹೊತ್ತಿಗೆ ಆ ನಾಲ್ಕನೇ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಇದೇ ಸ್ಥಿತಿ. 2024-25ರಿಂದ ಒಂದೊಂದು ವಿಭಾಗಕ್ಕೆ ಇದ್ದ ಸೀಟುಗಳ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ತೆಗೆದುಹಾಕಿತು. ಕಂಪ್ಯೂಟರ್ ವಿಭಾಗ ಉಬ್ಬುತ್ತಿದೆ, ಅತ್ತ ಮೆಕ್ಯಾನಿಕಲ್ ವಿಭಾಗಕ್ಕೆಂದು ಕಟ್ಟಿದ ದೊಡ್ಡ ವರ್ಕ್‌ಶಾಪುಗಳಿಗೆ ಕೆಲಸ ಕಡಿಮೆಯಾಗುತ್ತಿದೆ.

ಇನ್ನೂ ಮೇಲಿನ ಹಂತ ನೋಡಿ. ಬೀದರ್, ಹಾವೇರಿ, ಹಾಸನ, ಕೊಡಗು, ಚಾಮರಾಜನಗರ, ಕೊಪ್ಪಳ, ಬಾಗಲಕೋಟೆ ಎಂದು ಏಳು ಹೊಸ ವಿಶ್ವವಿದ್ಯಾಲಯಗಳು 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದವು. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿಯೊಂದು ಹಣ ಮತ್ತು ಸೌಲಭ್ಯದ ಕೊರತೆ ಎಂದು ಇವುಗಳಲ್ಲಿ ಹಲವು ಸೇರಿ ಒಟ್ಟು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು ಶಿಫಾರಸು ಮಾಡಿತು. ಅಷ್ಟಾದರೂ ನೆಲದ ಮೇಲಿನ ಸಂಗತಿ ಬೇರೆ ಇದೆ. ಇವುಗಳಲ್ಲಿ ಬಹಳಷ್ಟು ಶುರುವಾದದ್ದು ಮೊದಲೇ ಇದ್ದ ಸ್ನಾತಕೋತ್ತರ ಕೇಂದ್ರಗಳಲ್ಲಿ. ಹಾಸನದ ಹೇಮಗಂಗೋತ್ರಿ, ಕೊಡಗಿನ ಚಿಕ್ಕ ಅಳುವಾರ ಅಂಥವು. ಆಡಳಿತ ಮೈಸೂರಿನಲ್ಲಿದ್ದರೂ ಮಂಗಳೂರಿನಲ್ಲಿದ್ದರೂ ಜಿಲ್ಲೆಯಲ್ಲೇ ಇದ್ದರೂ ಆ ತರಗತಿಗಳಲ್ಲಿ ಪಾಠ ನಡೆಯಲೇಬೇಕು. ನಾಮಫಲಕ ಬದಲಾದರೂ ಕೆಲಸಕ್ಕೆ ಬರುವ ಆವರಣ ನಿಮಗೆ ಬೇಕಾದದ್ದು.

ಅಂಥ ಆವರಣದ ಅತ್ಯುತ್ತಮ ಉದಾಹರಣೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. 1858ರಲ್ಲಿ ಹೈಸ್ಕೂಲಾಗಿ ಶುರುವಾಗಿ, 1875ರಲ್ಲಿ ಸೆಂಟ್ರಲ್ ಕಾಲೇಜಾಗಿ, ಮದ್ರಾಸ್ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತು. ಆ ವಿಶ್ವವಿದ್ಯಾಲಯ ಒಡೆದು ಮೂರಾದ ಮೇಲೆ ಬೆಂಗಳೂರು ನಗರ ವಿಶ್ವವಿದ್ಯಾಲಯದ ಮನೆಯಾಯಿತು. ಸಿ.ವಿ. ರಾಮನ್ 1928ರ ಮಾರ್ಚ್ 16ರಂದು ತಮ್ಮ ಹೊಸ ಶೋಧದ ಬಗ್ಗೆ ಉಪನ್ಯಾಸ ಕೊಟ್ಟದ್ದೂ ಇಲ್ಲಿಯೇ. ಇಷ್ಟು ಆಡಳಿತಗಳು ಬಂದು ಹೋದರೂ ಆ ಕಲ್ಲಿನ ಕಟ್ಟಡ ಬಳಕೆಯಲ್ಲಿದೆ. ಊರ ನಡುವೆ ಇದೆ, ಗಾಳಿ ಬೆಳಕು ಬರುತ್ತದೆ, ಕೋಣೆಗಳು ಇಂಥದ್ದೇ ವಿಷಯಕ್ಕೆ ಎಂದು ಕಟ್ಟಿಹಾಕಿಕೊಂಡಿಲ್ಲ. ಬೇರೆ ಗುಟ್ಟೇನೂ ಇಲ್ಲ.

ಈಗ ನಿಮ್ಮ ಹತ್ತು ಎಕರೆಗೆ ಬರೋಣ. ಊರ ಹೊರಗೆ ಎಂದಿದ್ದೀರಿ. ನಮ್ಮಲ್ಲಿ ಸರ್ಕಾರಿ ಕಾಲೇಜಿಗೆ ಜಾಗ ಸಿಗುವುದು ಗೋಮಾಳವೋ ಗುಡ್ಡವೋ ಎಲ್ಲಿದೆಯೋ ಅಲ್ಲಿ. ಬಸ್ ನಿಲ್ದಾಣದಿಂದ ಮೂರು-ನಾಲ್ಕು ಕಿಲೋಮೀಟರು ದೂರ ಎಂಬುದು ನಕ್ಷೆಯಲ್ಲಿ ಒಂದು ಬೆರಳಿನಷ್ಟು. ಹಳ್ಳಿಯಿಂದ ಬರುವವರಿಗೆ ಅದೇ ದಿನದ ದೊಡ್ಡ ಕಷ್ಟ. ಒಂದು ಬಸ್ಸಿನಲ್ಲಿ ಪೇಟೆಗೆ ಬಂದು, ಇನ್ನೊಂದಕ್ಕೆ ಕಾದು, ಅದು ಬರದಿದ್ದರೆ ಆಟೋ ಹಿಡಿಯಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾರಿಗೆ ಬಸ್ಸಿನ ಖರ್ಚು ಉಳಿಯಿತು. ಆದರೆ ಬಸ್ಸೇ ಹೋಗದ ದಾರಿಯಲ್ಲಿ ಕಾಲೇಜು ಕಟ್ಟಿದರೆ ಉಳಿದ ದುಡ್ಡು ಆಟೋಗೆ ಹೋಗುತ್ತದೆ. ಆದ್ದರಿಂದ ನಕ್ಷೆ ಬರೆಯುವ ಮೊದಲು ಸಾರಿಗೆ ಡಿಪೋದಿಂದ ಬಸ್ ವೇಳಾಪಟ್ಟಿ ತರಿಸಿ. ಯಾವ ಹಳ್ಳಿಯ ಬಸ್ಸು ಎಷ್ಟಕ್ಕೆ ಬರುತ್ತದೆ, ಕೊನೆಯದು ಎಷ್ಟಕ್ಕೆ ಹೊರಡುತ್ತದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಹಾಳೆ ವಾಸ್ತುಶಿಲ್ಪಿಯ ಮೊದಲ ರೇಖಾಚಿತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಆ ಹಾಳೆಯಲ್ಲಿ ಒಂದು ವಿಷಯ ತಕ್ಷಣ ಕಣ್ಣಿಗೆ ಬೀಳುತ್ತದೆ. ಎಂಟೂಕಾಲಿಗೆ ಬಂದಿಳಿದವಳ ತರಗತಿ ಹತ್ತಕ್ಕೆ. ಹನ್ನೆರಡಕ್ಕೆ ಪಾಠ ಮುಗಿದರೆ ಅವಳ ಬಸ್ಸು ಎರಡೂವರೆಗೆ. ಈ ನಾಲ್ಕು ಗಂಟೆ ಅವಳು ಎಲ್ಲಿ ಕೂರುತ್ತಾಳೆ? ನಮ್ಮ ಬಹುತೇಕ ಕಾಲೇಜು ಕಟ್ಟಡಗಳಲ್ಲಿ ಇದಕ್ಕೆ ಉತ್ತರವಿಲ್ಲ. ಮೆಟ್ಟಿಲ ಮೇಲೆ, ನಿಲ್ಲಿಸಿದ ಬೈಕುಗಳ ಮೇಲೆ, ಪಾಠವಿಲ್ಲದ ಕೋಣೆಯ ಕೊನೆಯ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚಿ, ಕೈ ತೊಳೆಯಲು ನೀರಿಲ್ಲದೆ ಬಾಟಲಿಯ ನೀರನ್ನೇ ಕಿಟಕಿಯಾಚೆ ಕೈ ಚಾಚಿ ಸುರಿದುಕೊಳ್ಳುವುದನ್ನು ನಾನು ಎಷ್ಟೋ ಕಾಲೇಜುಗಳಲ್ಲಿ ನೋಡಿದ್ದೇನೆ. ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಬೆಳಗಿನಿಂದ ನೀರೇ ಕುಡಿಯದ ಹುಡುಗಿಯರಿದ್ದಾರೆ. ಇದಕ್ಕಿಂತ ನಾಚಿಕೆಯ ಸಂಗತಿ ಒಂದು ಕಾಲೇಜಿಗೆ ಇನ್ನೊಂದಿಲ್ಲ. ಮೊದಲ ಹಂತದ ಹಣದಲ್ಲೇ ಪ್ರತಿ ಮಹಡಿಯಲ್ಲೂ ನೀರು ಬರುವ ಶೌಚಾಲಯ, ಪ್ಯಾಡ್ ವಿಲೇವಾರಿಯ ವ್ಯವಸ್ಥೆ, ಕೈ ತೊಳೆಯುವ ಸಾಲು ನಲ್ಲಿ, ಊಟಕ್ಕೆ ಚಾವಣಿಯಿರುವ ಜಗಲಿ ಬರಬೇಕು. ಇವನ್ನು ಎರಡನೇ ಹಂತಕ್ಕೆ ಬಿಟ್ಟರೆ ಆ ಎರಡನೇ ಹಂತ ಹತ್ತು ವರ್ಷವಾದರೂ ಬರುವುದಿಲ್ಲ.

ಜಗಲಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣವನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ ರೂಪಿಸಿದರು. ಅಲ್ಲಿ ಎಲ್ಲರ ನೆನಪಿನಲ್ಲಿ ಉಳಿಯುವುದು ತರಗತಿಗಳಲ್ಲ, ಉದ್ದನೆಯ ಓಣಿಗಳು. ಒರಟು ಗ್ರಾನೈಟ್ ಗೋಡೆ, ಮೇಲೆ ಬಳ್ಳಿ ಹಬ್ಬಿದ ತೊಲೆಗಳು, ಬಿಸಿಲು ನೆರಳು ಬೆರೆತ ದಾರಿ, ಅಲ್ಲಲ್ಲಿ ಅಗಲವಾಗಿ ಕೂರಲು ಜಾಗ. ಪಾಠ ಮುಗಿದ ಮೇಲಿನ ಮಾತುಕತೆಗೂ ಕಟ್ಟಡದಲ್ಲಿ ಜಾಗವಿರಬೇಕು ಎಂಬುದು ದೋಶಿಯವರ ನಂಬಿಕೆಯಾಗಿತ್ತು. ತಾಲ್ಲೂಕು ಕಾಲೇಜಿಗೆ ಅಷ್ಟು ಹಣ ಬರುವುದಿಲ್ಲ, ನಿಜ. ಆದರೆ ಕಾರಿಡಾರನ್ನು ಆರು ಅಡಿಯ ಬದಲು ಹತ್ತು ಅಡಿ ಮಾಡಿ, ಪಕ್ಕದಲ್ಲಿ ಒಂದು ಕಲ್ಲುಬೆಂಚಿನ ಸಾಲು ಹಾಕಿಸಲು ಐಐಎಂನ ಬಜೆಟ್ ಬೇಕಿಲ್ಲ. ಕಾಯುವ ನಾಲ್ಕು ಗಂಟೆಗಳಿಗೆ ಅಷ್ಟರಿಂದಲೇ ಜಾಗ ಸಿಗುತ್ತದೆ.

ಇನ್ನು ಆನ್‌ಲೈನ್ ಪಾಠದ ವಿಷಯ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ಜಾಲತಾಣದ ಕೋರ್ಸುಗಳ ಮೂಲಕ ಒಂದು ಸೆಮಿಸ್ಟರಿನ ಶೇ. 40ರಷ್ಟು ಕ್ರೆಡಿಟ್ ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲೇ ಅವಕಾಶ ಕೊಟ್ಟಿದೆ. ಇದರಿಂದ ಕಟ್ಟಡದ ಅಗತ್ಯವೇ ಕಡಿಮೆಯಾಗುತ್ತದೆ ಎಂದು ಹಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಕೋವಿಡ್ ಕಾಲದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ, ಮರವೇರಿ ಕೂತ ಮಲೆನಾಡಿನ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ. ಒಂದೇ ಕೋಣೆಯ ಮನೆಯಲ್ಲಿ ಟಿ.ವಿ., ಅಡುಗೆ, ತಮ್ಮ ತಂಗಿಯರ ನಡುವೆ ಒಂದು ಗಂಟೆಯ ವಿಡಿಯೋ ಪಾಠ ಕೇಳುವುದು ಆಗದ ಮಾತು. ಪಾಠ ಮೊಬೈಲಿಗೆ ಬಂದಷ್ಟೂ ಅದನ್ನು ಕೇಳಲು ನಿಶ್ಶಬ್ದವಾದ, ವೈಫೈ ಇರುವ, ಚಾರ್ಜ್ ಮಾಡಲು ಪ್ಲಗ್ ಇರುವ ಜಾಗ ಕಾಲೇಜಿನಲ್ಲಿ ಹೆಚ್ಚು ಬೇಕಾಗುತ್ತದೆ. ಇನ್ನೂರು ಜನ ಕೂರುವ ಗ್ಯಾಲರಿ ತರಗತಿಗಳನ್ನು ಕಡಿಮೆ ಮಾಡಿ, ಓದುವ ಕೋಣೆಯನ್ನು ದೊಡ್ಡದು ಮಾಡಿ. ಗ್ರಂಥಾಲಯಕ್ಕೆ ಹೊರಗಿನಿಂದ ಪ್ರತ್ಯೇಕ ಬಾಗಿಲಿರಲಿ. ಕಾಲೇಜು ಮುಚ್ಚಿದ ಮೇಲೂ, ಭಾನುವಾರವೂ ಅದೊಂದನ್ನು ತೆರೆದಿಡಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹಳೆಯ ವಿದ್ಯಾರ್ಥಿಗಳು ನಿಮ್ಮ ಊರಿನಲ್ಲೂ ಇಂಥ ಜಾಗಕ್ಕಾಗಿ ಕಾದಿರುತ್ತಾರೆ.

ಎಷ್ಟು ಕೊಠಡಿ ಕಟ್ಟಬೇಕು ಎಂಬುದು ಕಠಿಣ ಪ್ರಶ್ನೆ, ಏಕೆಂದರೆ ಎರಡು ಶಕ್ತಿಗಳು ಎರಡು ದಿಕ್ಕಿಗೆ ಎಳೆಯುತ್ತಿವೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ, ಅಂದರೆ ಕಾಲೇಜು ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ, ಶೇ. 36.2. ರಾಷ್ಟ್ರೀಯ ನೀತಿ 2035ಕ್ಕೆ ಶೇ. 50ರ ಗುರಿ ಇಟ್ಟಿದೆ. ಅಂದರೆ ಇನ್ನೂ ಹೆಚ್ಚು ಮಕ್ಕಳು ಕಾಲೇಜಿಗೆ ಬರಬೇಕು. ಇನ್ನೊಂದು ಕಡೆ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಫಲವತ್ತತೆ ದರ, ಅಂದರೆ ಒಬ್ಬ ಹೆಣ್ಣಿಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿದೆ. ಆಗ ಹುಟ್ಟಿದ ಮಕ್ಕಳು ಕಾಲೇಜಿಗೆ ಬರುವುದು 2040ರ ಹೊತ್ತಿಗೆ, ಆಗ ಹದಿನೆಂಟು ತುಂಬಿದವರ ಸಂಖ್ಯೆಯೇ ಕಡಿಮೆ ಇರುತ್ತದೆ. ಜೊತೆಗೆ 2021-22ರ ಅದೇ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಒಂದು ಲಕ್ಷ ಯುವಜನರಿಗೆ ಕರ್ನಾಟಕದಲ್ಲಿ 66 ಕಾಲೇಜುಗಳಿದ್ದವು, ದೇಶದ ಸರಾಸರಿ 30 ಇತ್ತು. ಆದ್ದರಿಂದ ಹತ್ತು ಎಕರೆಯನ್ನೂ ಒಮ್ಮೆಲೇ ತುಂಬಿಸುವ ಆತುರ ಬೇಡ. ಈಗಿರುವ ಸಂಖ್ಯೆಗೆ ಎರಡು ಮಹಡಿ ಕಟ್ಟಿ, ಮೂರನೆಯದನ್ನು ಹೊರುವಷ್ಟು ಬುನಾದಿ ಹಾಕಿಸಿ, ಉಳಿದ ನೆಲಕ್ಕೆ ಬೇಲಿ ಹಾಕಿ ಮರ ಬೆಳೆಸಿ.

ಅದಕ್ಕೂ ಮೊದಲು ಈಗಿನ ಕಟ್ಟಡದಲ್ಲಿ ಎರಡು ವಾರ ಒಂದು ಎಣಿಕೆ ಮಾಡಿಸಿ. ಯಾವ ಕೋಣೆಯಲ್ಲಿ ಯಾವ ಗಂಟೆ ಎಷ್ಟು ಜನ ಕೂತಿದ್ದರು ಎಂದು ಬರೆದಿಟ್ಟರೆ ಸಾಕು. ವಾರಕ್ಕೆ ಆರು ದಿನ, ದಿನಕ್ಕೆ ಏಳು ಗಂಟೆ ಎಂದರೆ ಒಂದು ಕೋಣೆಗೆ 42 ಗಂಟೆ ಇದೆ. ಅದರಲ್ಲಿ ಹದಿನೆಂಟು ಗಂಟೆ ಮಾತ್ರ ಪಾಠ ನಡೆದರೆ ಕೋಣೆಗಳ ಕೊರತೆಯಿಲ್ಲ, ವೇಳಾಪಟ್ಟಿಯ ಕೊರತೆ ಇದೆ.

ಕಟ್ಟುವ ಕೋಣೆಗಳನ್ನು ವಿಭಾಗದ ಹೆಸರಿನಲ್ಲಿ ಕಟ್ಟಬೇಡಿ. ಭಾರ ಹೊರುವ ಕೆಲಸ ಕಂಬಗಳದ್ದಾಗಲಿ, ನಡುವಿನ ಗೋಡೆಗಳು ಒಡೆದು ತೆಗೆಯಬಹುದಾದ ಹಗುರ ಗೋಡೆಗಳಾಗಿರಲಿ. ಮೂವತ್ತು ಜನರ ಎರಡು ಕೋಣೆ ಒಂದಾಗಿ ಅರವತ್ತರದ್ದಾಗಬೇಕು. ನೀರು, ಗ್ಯಾಸ್, ಚರಂಡಿ ಬೇಕಾದ ರಸಾಯನಶಾಸ್ತ್ರ, ಜೀವಶಾಸ್ತ್ರದ ಲ್ಯಾಬುಗಳು ನೆಲಮಹಡಿಯ ಒಂದೇ ಬದಿಯಲ್ಲಿರಲಿ, ಏಕೆಂದರೆ ಕೊಳವೆಗಳನ್ನು ಆಮೇಲೆ ಸ್ಥಳಾಂತರಿಸುವುದು ದುಬಾರಿ. ಕಂಪ್ಯೂಟರ್ ಲ್ಯಾಬ್ ಎಲ್ಲಿ ಬೇಕಾದರೂ ಆಗುತ್ತದೆ, ವೈರಿಂಗನ್ನು ಗೋಡೆಯೊಳಗೆ ಹುದುಗಿಸದೆ ಹೊರಗಿನ ಕೊಳವೆಯಲ್ಲಿ ಹಾಯಿಸಿದರೆ ಸಾಕು. ಇಳಿಜಾರು ದಾರಿ ಮತ್ತು ಗಾಲಿಕುರ್ಚಿ ಹೋಗುವ ಶೌಚಾಲಯ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಕಡ್ಡಾಯ.

ಖಾಲಿ ನೆಲದ ಬಗ್ಗೆ ಎರಡು ಮಾತು. ಕುವೆಂಪು ಅವರು ಕುಲಪತಿಯಾಗಿದ್ದಾಗ 1960ರಲ್ಲಿ ರೂಪುಗೊಂಡ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣಕ್ಕೆ ಕುಕ್ಕರಹಳ್ಳಿ ಕೆರೆಯ ಪಕ್ಕ 700 ಎಕರೆಗೂ ಮಿಕ್ಕ ಜಾಗವಿತ್ತು. ಅಂದು ಯಾರೂ ಊಹಿಸದ ವಿಭಾಗಗಳಿಗೂ ಮುಂದೆ ಅಲ್ಲಿ ಎಡೆ ಸಿಕ್ಕಿದ್ದು ಅದರಿಂದಲೇ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣಕ್ಕೂ 1,100 ಎಕರೆ ಇತ್ತು. ಅದರಲ್ಲಿ ತುಂಡು ತುಂಡಾಗಿ ಬೇರೆ ಸಂಸ್ಥೆಗಳಿಗೆ ಜಾಗ ಹೋಯಿತು, ಒಳರಸ್ತೆಗಳು ಊರಿನ ವಾಹನಗಳ ಅಡ್ಡದಾರಿಯಾದವು. 2022ರ ಅಕ್ಟೋಬರಿನಲ್ಲಿ ಆವರಣದೊಳಗೇ ಬಸ್ಸಿನಡಿ ಸಿಕ್ಕಿದ ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ನಿಮ್ಮ ಹತ್ತು ಎಕರೆಯ ಸರ್ವೆ ಮಾಡಿಸಿ, ಗಡಿಕಲ್ಲು ನೆಡಿಸಿ, ಪಹಣಿಯಲ್ಲಿ ಕಾಲೇಜಿನ ಹೆಸರು ಕೂತಿದೆಯೇ ಎಂದು ನೋಡಿ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನೇರ ರಸ್ತೆ ಮಾತ್ರ ಹಾಕಬೇಡಿ.

ಹಾಗೆಯೇ ಊರೊಳಗಿನ ಹಳೆಯ ಕಟ್ಟಡವನ್ನು ಬಿಟ್ಟುಕೊಡಬೇಡಿ. ಹೊಸದು ಬಂದ ದಿನವೇ ಅದರ ಮೇಲೆ ಬೇರೆ ಇಲಾಖೆಗಳ ಕಣ್ಣು ಬೀಳುತ್ತದೆ. ಸಂಜೆಯ ತರಗತಿ, ಕೌಶಲ ತರಬೇತಿ, ದೂರಶಿಕ್ಷಣದ ಸಂಪರ್ಕ ತರಗತಿಗಳಿಗೆ ಬಸ್ ನಿಲ್ದಾಣದ ಹತ್ತಿರದ ನಾಲ್ಕು ಕೋಣೆಗಳು ಊರ ಹೊರಗಿನ ಹದಿನಾರು ಕೋಣೆಗಳಿಗೆ ಸಮ.

ಕೊನೆಯದಾಗಿ ಹಣದ ವಿಷಯ. ಕಾಲೇಜುಗಳಿಗೆ ಅನುದಾನ ಕೊಡುವ ಕೇಂದ್ರದ ಯೋಜನೆಗಳಾದ ಹಿಂದಿನ ರೂಸಾ ಆಗಲಿ, 2023ರಲ್ಲಿ ಅದರ ಜಾಗಕ್ಕೆ ಬಂದ ಪಿಎಂ-ಉಷಾ ಆಗಲಿ, ಕಟ್ಟಡಕ್ಕೆ, ಉಪಕರಣಕ್ಕೆ ದುಡ್ಡು ಕೊಡುತ್ತವೆ. ಟ್ಯಾಂಕ್ ತೊಳೆಯುವವರ, ಶೌಚಾಲಯ ಶುಚಿ ಮಾಡುವವರ, ರಾತ್ರಿ ಗ್ರಂಥಾಲಯ ಕಾಯುವವರ ಸಂಬಳ ವರ್ಷ ವರ್ಷ ಬೇರೆ ಕಡೆಯಿಂದ ಬರಬೇಕು. ಸಮಿತಿಯ ಮುಂದಿನ ಸಭೆಯಲ್ಲಿ ಕಟ್ಟಡದ ಅಂದಾಜಿನ ಜೊತೆಗೇ ಈ ವಾರ್ಷಿಕ ಖರ್ಚನ್ನೂ ಮಂಡಿಸಿ, ಅದು ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದನ್ನು ನಡಾವಳಿಯಲ್ಲಿ ಬರೆಸಿದ ಮೇಲೆಯೇ ನಕ್ಷೆಗೆ ಸಹಿ ಹಾಕಿ.