ಮೆಂತ್ಯದ ವಾಸನೆಯೂ ಲ್ಯೂಸಿನ್ ಲೆಕ್ಕವೂ

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಮೆಂತ್ಯದ ಉಂಡೆ ಕೊಡುವುದು ಇದ್ದದ್ದೇ. ಹಾಗಾಗಿ ಹಸುಗೂಸಿನ ಒದ್ದೆ ಬಟ್ಟೆಗೆ ಮೆಂತ್ಯದ ವಾಸನೆ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಹೆಚ್ಚಿನ ಸಲ ಗಾಬರಿ ಬೇಕಾಗಿಯೂ ಇಲ್ಲ. ತಾಯಿ ತಿಂದ ಮೆಂತ್ಯದಿಂದಲೇ ಮಗುವಿಗೆ ಆ ವಾಸನೆ ಬರುವುದುಂಟು. ಆದರೆ ಮೇಪಲ್ ಸಿರಪ್ ಯೂರಿನ್ ಡಿಸೀಸ್ ಎಂಬ ಆನುವಂಶಿಕ ಕಾಯಿಲೆಯಲ್ಲೂ ಇಂಥದ್ದೇ ವಾಸನೆ. ಎರಡರಲ್ಲೂ ಸೊಟೊಲೋನ್ ಎಂಬ ಒಂದೇ ರಾಸಾಯನಿಕವಿದೆ.

ಕಾಯಿಲೆಯಲ್ಲಿ ಕೆಟ್ಟಿರುವುದು ಒಂದೇ ಕಿಣ್ವ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಅಮೈನೊ ಆಮ್ಲಗಳು ಹಾಲಿನ ಪ್ರೋಟೀನಿನಲ್ಲೇ ಇವೆ. ದೇಹ ಇವನ್ನು ಮೊದಲು ಕೀಟೊ ಆಮ್ಲಗಳನ್ನಾಗಿ ಮಾಡುತ್ತದೆ. ಅವನ್ನು ಮುಂದಕ್ಕೆ ಒಡೆಯಬೇಕಾದ ಕಿಣ್ವ ಇಲ್ಲಿ ಕೆಲಸ ಮಾಡುವುದಿಲ್ಲ. ಎಲ್ಲವೂ ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಮೂರರಲ್ಲಿ ಲ್ಯೂಸಿನ್ ಬಲು ಅಪಾಯ. ಅದು ಜಾಸ್ತಿಯಾದರೆ ಟ್ರಿಪ್ಟೊಫಾನ್, ಟೈರೊಸಿನ್‌ನಂಥ ಬೇರೆ ಅಮೈನೊ ಆಮ್ಲಗಳು ಮಿದುಳಿಗೆ ಸರಿಯಾಗಿ ತಲುಪುವುದಿಲ್ಲ. ಮಿದುಳು ಊದಿಕೊಳ್ಳಲೂಬಹುದು. ಹುಟ್ಟಿದಾಗ ಚೆನ್ನಾಗಿಯೇ ಇದ್ದ ಮಗು ಕೆಲವೇ ದಿನಗಳಲ್ಲಿ ಹಾಲು ಕುಡಿಯುವುದು ಬಿಡುತ್ತದೆ, ಮಂಕಾಗುತ್ತದೆ, ಫಿಟ್ಸ್ ಬರುತ್ತದೆ. ನೋಡಿದವರಿಗೆ ನಂಜು ಏರಿದಂತೆ ಕಾಣುತ್ತದೆ.

ಮೂಗನ್ನು ನಂಬಿ ಕೂರುವಂತಿಲ್ಲ, ಅಲ್ವಾ? ಹಿಮ್ಮಡಿ ಚುಚ್ಚಿ, ಕಾಗದದ ಮೇಲೆ ಕೆಲವು ಹನಿ ರಕ್ತ ತೆಗೆದು ಅಳೆಯಬೇಕು. ಅಲ್ಲೂ ಒಂದು ತೊಡಕಿದೆ. ಲ್ಯೂಸಿನ್, ಐಸೊಲ್ಯೂಸಿನ್ ಎರಡರ ಅಣುತೂಕವೂ ಒಂದೇ. ತಪಾಸಣೆಯ ಯಂತ್ರ ಎರಡನ್ನೂ ಸೇರಿಸಿಯೇ ಎಣಿಸುತ್ತದೆ. ಆ ಅಂಕಿ ಏರಿದ್ದರೆ ಇನ್ನೊಂದು ಪರೀಕ್ಷೆ ಮಾಡಿ, ಐಸೊಲ್ಯೂಸಿನ್ನಿನದೇ ಇನ್ನೊಂದು ರೂಪವಾದ ಅಲೊಐಸೊಲ್ಯೂಸಿನ್ ಇದೆಯಾ ಎಂದು ನೋಡುತ್ತಾರೆ. ಆರೋಗ್ಯವಂತರಲ್ಲಿ ಅದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹೆಚ್ಚಿದ್ದರೆ ಕಾಯಿಲೆ ಖಚಿತ. ಮೆಂತ್ಯ ತಿಂದು ವಾಸನೆ ಬರಬಹುದು, ಅಲೊಐಸೊಲ್ಯೂಸಿನ್ ಬರುವುದಿಲ್ಲ.

ಬೆಂಗಳೂರಿಗೆ ಇದೇನೂ ಹೊಸ ವಿಷಯವಲ್ಲ. 1980ರ ದಶಕದಲ್ಲೇ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು ಕರ್ನಾಟಕದ ನವಜಾತ ಶಿಶುಗಳಲ್ಲಿ ಅಮೈನೊ ಆಮ್ಲದ ದೋಷಗಳನ್ನು ಹುಡುಕಿದ್ದರು. ಅಪ್ಪ, ಅಮ್ಮ ಇಬ್ಬರಲ್ಲೂ ದೋಷದ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮಲ್ಲಿ ಹೀಗೆ ಒಂದೇ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ. ಹಿಮ್ಮಡಿ ರಕ್ತದ ಈ ಪರೀಕ್ಷೆ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ, ಎಲ್ಲ ಮಕ್ಕಳಿಗೂ ಆಗಲೇಬೇಕು ಎನ್ನುವುದು ಅದಕ್ಕೇ.

ಬೇಗ ಗೊತ್ತಾದರೆ ದಾರಿಯಿದೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಮೂರೂ ಇಲ್ಲದ ವಿಶೇಷ ಹಾಲಿನ ಪುಡಿ, ಜೊತೆಗೆ ಅಳೆದು ಕೊಡುವ ತಾಯಿಹಾಲು. ಈ ಮೂರನ್ನು ಪೂರ್ತಿ ನಿಲ್ಲಿಸುವಂತಿಲ್ಲ, ಬೆಳೆಯಲು ಅವು ಬೇಕೇ ಬೇಕು. ಜ್ವರ ಬಂದಾಗ ಮಾತ್ರ ಸುಮ್ನೆ ಕಾಯಬಾರದು. ಹೊಟ್ಟೆಗೆ ಏನೂ ಹೋಗದಿದ್ದರೂ ದೇಹ ತನ್ನ ಸ್ನಾಯುವನ್ನೇ ಕರಗಿಸುತ್ತದೆ, ಅದರಲ್ಲಿದ್ದ ಲ್ಯೂಸಿನ್ ರಕ್ತಕ್ಕೆ ಸೇರುತ್ತದೆ. ಆಗ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ದು, ಬೇಕಾದರೆ ಗ್ಲೂಕೋಸ್ ಡ್ರಿಪ್ ಹಾಕಿಸಬೇಕು.